ಸಲೀಂ ಅಲಿ: ಹಕ್ಕಿ ಹೊಡೆದವರನ್ನ ಹಕ್ಕಿ ಮನುಷ್ಯ ಅಂತ ಹೆಂಗೆ ಕರೀತೀವಿ?

ಎರಡನೇ ಬೆಂಚು:
ಒಂದು ಪ್ರಶ್ನೆ, ಯಾರೂ ಬೇಜಾರ್ ಮಾಡ್ಕೋಬೇಡಿ. ಸ್ಕೂಲಿಂದ ಕೇಳ್ಕೊಂಡು ಬಂದಿರೋದು ಒಂದೇ, ಸಲೀಂ ಅಲಿ ಅಂದ್ರೆ ಭಾರತದ ಪಕ್ಷಿ ಮಾನವ, ಪಕ್ಷಿ ಪ್ರೇಮಿ. ಈಗ ಅವರ ಆತ್ಮಕಥೆ ಹಿಡ್ಕೊಂಡು ಕೂತೆ, ಶುರುವಿನಲ್ಲೇ ಏರ್‌ಗನ್ನು. ಹತ್ತು ವರ್ಷದ ಹುಡುಗ, ಕುದುರೆ ಲಾಯದ ಗೋಡೆ ತೂತಲ್ಲಿ ಗುಬ್ಬಿ ಗೂಡು ಕಟ್ಟಿದೆ, ಇವನು ಅಲ್ಲೇ ನಿಂತಿದ್ದ ಗಾಡಿ ಮರೆಯಲ್ಲಿ ಕೂತು ಗಂಡು ಗುಬ್ಬೀನ ಹೊಡೀತಾನೆ, ಹೆಣ್ಣು ಇನ್ನೊಂದು ಗಂಡನ್ನ ಕರ್ಕೊಂಡು ಬರುತ್ತೆ, ಅದನ್ನೂ ಹೊಡೀತಾನೆ, ಹಿಂಗೆ ಏಳು ದಿನದಲ್ಲಿ ಎಂಟು ಗಂಡು!! ಇದನ್ನ ಓದಿ ನಂಗೆ ಮುಂದಕ್ಕೆ ಹೋಗೋಕೇ ಆಗ್ಲಿಲ್ಲ. ಆಮೇಲೆ ದೊಡ್ಡವರಾದ್ಮೇಲೂ ಸರ್ವೆ ಸರ್ವೆ ಅಂತ ಊರೂರು ಸುತ್ತಿ ಹಕ್ಕಿ ಹೊಡೆದು ಚರ್ಮ ಸುಲಿದು ಮ್ಯೂಸಿಯಮ್ಮಿಗೆ ಕಳಿಸಿದ್ದಾರಂತೆ. ಇವರು ಹೆಂಗೆ ಪ್ರೇಮಿ ಆದ್ರು?

ಕಾವೇರಿ ದಂಡೆ:
ಹುಡುಗ ಬುದ್ಧಿ ಅದು ಬಿಡಿ ಸಾರ್. ಆ ಮನೆ ಎಂಥದ್ದು ನೋಡಿ. 1896ರಲ್ಲಿ ಬಾಂಬೆಯಲ್ಲಿ ಹುಟ್ಟಿದ್ದು, ಒಂದು ವರ್ಷಕ್ಕೆ ತಂದೆ ಹೋದ್ರು, ಮೂರಕ್ಕೆ ತಾಯಿ. ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಮಾವನಿಗೆ ಶಿಕಾರಿ ಹುಚ್ಚು, ಹುಡುಗನ ಕೈಗೆ ಏರ್‌ಗನ್ ಕೊಟ್ಟಿದ್ದೂ ಅವರೇ. ನಮ್ಮ ಹಳ್ಳೀಲಿ ನಾವು ಕ್ಯಾಟರ್‌ಬಿಲ್ಲು ಹಿಡ್ಕೊಂಡು ಓಡಾಡಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಒಂದೇ, ಇವನು ಹೊಡೆದದ್ದನ್ನ ಬರೆದಿಟ್ಟ. ಆ ಎಂಟು ಗುಬ್ಬಿ ಕಥೆ ನಮಗೆ ಗೊತ್ತಾಗಿದ್ದೇ ಆ ಹುಡುಗ ಬರೆದ ನೋಟಿಂದ, ಗೂಡಿನ ಜಾಗ ಸಿಕ್ಕಿದ ಹೆಣ್ಣಿಗೆ ಇನ್ನೊಂದು ಗಂಡು ರೆಡಿ ಇರುತ್ತೆ ಅಂತ ಹತ್ತು ವರ್ಷಕ್ಕೇ ಗಮನಿಸಿದ್ನಲ್ಲ.

ಮತ್ತೆ ಆ ಹಳದಿ ಕತ್ತಿನ ಗುಬ್ಬಿ ಕಥೆ ಬಂತಾ? ಹೊಡೆದ ಗುಬ್ಬಿ ಕತ್ತಲ್ಲಿ ಹಳದಿ ಮಚ್ಚೆ ಇತ್ತು, ಮಾಮೂಲಿ ಗುಬ್ಬಿ ಅಲ್ಲ, ಇದನ್ನ ತಿನ್ನಬಹುದಾ ಬಾರ್ದಾ ಅಂತ ಮಾವನ ಹತ್ರ ತಗೊಂಡು ಹೋದ. ಮಾವ ಒಂದು ಚೀಟಿ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸೆಕ್ರೆಟರಿ ಮಿಲ್ಲರ್ಡ್ ಹತ್ರ ಕಳಿಸಿದ್ರು. ದೊಡ್ಡ ದೊರೆ, ಈ ಹುಡುಗ ಹೆದರ್ಕೊಂಡೇ ಹೋಗಿರ್ತಾನೆ. ಆತ ಬೈದು ಕಳಿಸೋದು ಬಿಟ್ಟು ಗುಬ್ಬಿ ಹೆಸರು ಹೇಳಿ, ಡ್ರಾಯರ್ ತೆಗೆದು ತುಂಬಿಟ್ಟ ಹಕ್ಕಿಗಳನ್ನ ತೋರಿಸಿ, ಓದೋಕೆ ಪುಸ್ತಕ ಕೊಟ್ಟು, ಚರ್ಮ ಸುಲಿಯೋದನ್ನೂ ಹೇಳಿಕೊಡೋ ಏರ್ಪಾಡು ಮಾಡಿದ. ಅವತ್ತು ಮಿಲ್ಲರ್ಡ್‌ಗೆ ಪುರುಸೊತ್ತಿಲ್ದೇ ಇದ್ದಿದ್ರೆ ಇವತ್ತು ನಾವು ಈ ಚರ್ಚೆನೇ ಮಾಡ್ತಿರ್ಲಿಲ್ಲ.

ಎರೆಮಣ್ಣು:
ಆ ಕಾಲದಾಗ ಎಲ್ಲಾರೂ ಹೊಡೀತಿದ್ರು ಅನ್ನೂದು ಉತ್ತರ ಅಲ್ರಿ ಸರ. ಆದ್ರ ಹೊಡೆಯೂದರಾಗೂ ಫರಕ್ ಐತಿ. ರಾಜಸ್ಥಾನದ ಭರತಪುರದ ಕೆರಿ ದಂಡಿ ಮ್ಯಾಲ ಒಂದು ಕಲ್ಲು ನಿಲ್ಲಿಸ್ಯಾರ, ಯಾವ ಸಾಹೇಬ ಯಾವ ದಿನ ಎಷ್ಟು ಹಕ್ಕಿ ಹೊಡದ ಅಂತ ಕೆತ್ಯಾರ. 1938 ನವೆಂಬರ್ 12, ವೈಸರಾಯ್ ಲಿನ್‌ಲಿತ್‌ಗೋ ಮತ್ತ ಅವನ ಬಳಗ, ಒಂದ ದಿನಕ್ಕ 4,273 ಹಕ್ಕಿ. ಆಟಕ್ಕ ಹೊಡದದ್ದು. ಇನ್ನೊಂದು ಮಜಾ ಕೇಳ್ರಿ, ನವೆಂಬರ್ 12 ಅಂದ್ರ ಸಲೀಂ ಅಲಿ ಹುಟ್ಟಿದ ದಿನ, ಅವತ್ತು ಅವರಿಗೆ ಸರೀ 42 ತುಂಬಿತ್ತು. ಮುಂದ ಅದ ಕೆರಿ ಉಳೀಬೇಕು, ಒಣಗಿಸಿ ಹೊಲ ಮಾಡಬ್ಯಾಡ್ರಿ ಅಂತ ನೆಹರೂ ತನಕ ಹೋಗಿ ಬೆನ್ನು ಹತ್ತಿದವರೂ ಇವರ.

ಗೀಜಗನ ಗೂಡು:
ನಾನು ಸ್ವಲ್ಪ ಉದ್ದಕ್ಕೆ ಬರೀತೀನಿ, ತಾಳ್ಮೆ ಇದ್ದವರು ಓದಿ. ಬೆಂಚು ಅವರೇ, ನೀವು ಪುಸ್ತಕ ಕೆಳಗಿಟ್ಟಿದ್ದು ತಪ್ಪಾಯ್ತು, ಅಸಲಿ ಕಥೆ ಶುರುವಾಗೋದೇ ಮುಂದೆ, ಗನ್ನು ಕೈಲಿದ್ದಾಗ ಅಲ್ಲ, ಕೆಲಸ ಹೋದಾಗ.

ಈ ಮನುಷ್ಯನ ಕೈಲಿ ಸರಿಯಾದ ಡಿಗ್ರಿ ಇರ್ಲಿಲ್ಲ. 1913ರಲ್ಲಿ ಮೆಟ್ರಿಕ್ ಹೆಂಗೋ ಪಾಸು. ಕಾಲೇಜು ಬಿಟ್ಟು ಬರ್ಮಾಕ್ಕೆ ಹೋದ್ರು, ಅಲ್ಲಿ ತವೋಯ್ ಅನ್ನೋ ಕಡೆ ಮನೆಯವರದ್ದೇ ವುಲ್ಫ್ರಮ್ (ಟಂಗ್‌ಸ್ಟನ್ ಅದಿರು) ಗಣಿ, ಮರದ ವ್ಯಾಪಾರ. ಅಣ್ಣನಿಗೆ ಸಹಾಯ ಮಾಡಪ್ಪ ಅಂದ್ರೆ ಇವರು ಕಾಡಲ್ಲಿ ಹಕ್ಕಿ ಹಿಂದೆ. ವ್ಯಾಪಾರ ಮುಳುಗದೆ ಇನ್ನೇನಾಗುತ್ತೆ. 1917ರಲ್ಲಿ ವಾಪಸ್ ಬಾಂಬೆ, ದಾವರ್ಸ್ ಕಾಲೇಜಲ್ಲಿ ಕಾಮರ್ಸು ಅಕೌಂಟು, ಅದ್ರ ಜೊತೆಗೇ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ. 1918ರಲ್ಲಿ ತೆಹಮೀನಾ ಜೊತೆ ಮದುವೆ. ಸರ್ಕಾರದ ಜುವಾಲಾಜಿಕಲ್ ಸರ್ವೆಯಲ್ಲಿ ಪಕ್ಷಿತಜ್ಞನ ಹುದ್ದೆಗೆ ಹಾಕಿದ್ರೆ ಡಿಗ್ರಿ ಇಲ್ಲ ಅಂತ ಸಿಗ್ಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಲ್ಲಿ ಗೈಡ್ ಲೆಕ್ಚರರ್ ಕೆಲಸ, ಅಂದ್ರೆ ಬಂದವರಿಗೆ ಗಾಜಿನ ಪೆಟ್ಟಿಗೆ ತೋರಿಸಿ ವಿವರಿಸೋದು. ಎರಡೇ ವರ್ಷಕ್ಕೆ ಅದು ಬೋರ್ ಹೊಡೀತು, ರಜೆ ಹಾಕಿ ಬರ್ಲಿನ್‌ಗೆ ಹೋದ್ರು. ಯಾಕೆ ಬರ್ಲಿನ್? ಲಂಡನ್ ಕಡೆಯವರು ಸರಿಯಾಗಿ ಸೇರಿಸ್ಲಿಲ್ಲ, ಜರ್ಮನಿಯ ಎರ್ವಿನ್ ಸ್ಟ್ರೆಸೆಮಾನ್ ಬಾ ಅಂದ್ರು. ಆ ಕಾಲಕ್ಕೆ ಸತ್ತ ಹಕ್ಕಿ ಅಳೆಯೋದಷ್ಟೇ ಪಕ್ಷಿಶಾಸ್ತ್ರ ಅಲ್ಲ, ಬದುಕಿರೋ ಹಕ್ಕಿ ಏನು ಮಾಡುತ್ತೆ ನೋಡಿ ಅನ್ನೋ ಗಾಳಿ ಬೀಸ್ತಿದ್ದಿದ್ದು ಅಲ್ಲೇ. ಸ್ಟ್ರೆಸೆಮಾನ್‌ನ ಇವರು ಸಾಯೋವರೆಗೂ ಗುರು ಅಂತಲೇ ಕರೆದ್ರು.

ವಾಪಸ್ ಬಂದ್ರೆ 1930, ದುಡ್ಡಿಲ್ಲ ಅಂತ ಆ ಗೈಡ್ ಹುದ್ದೇನೇ ತೆಗೆದಾಕಿದ್ದಾರೆ! ವಯಸ್ಸು 34, ಡಿಗ್ರಿ ಇಲ್ಲ, ಸಂಬಳ ಇಲ್ಲ. ಗಂಡ ಹೆಂಡ್ತಿ ಇಬ್ರೂ ಬಾಂಬೆ ಬಿಟ್ಟು ಸಮುದ್ರದಾಚೆ ಅಲಿಬಾಗ್ ಹತ್ರ ಕಿಹಿಮ್ ಅನ್ನೋ ಹಳ್ಳೀಲಿ ತೆಹಮೀನಾ ಕಡೆಯವರ ಮನೆಗೆ ಹೋದ್ರು. ಮಳೆಗಾಲ. ಮನೆ ಹತ್ರಾನೇ ಗೀಜಗಗಳ ಕಾಲೋನಿ. ಬೇರೆ ಕೆಲಸ ಇಲ್ಲ, ಮರೆ ಕಟ್ಕೊಂಡು ಗೂಡಿನ ಮಟ್ಟಕ್ಕೇ ಕೂತು ತಿಂಗಳುಗಟ್ಟಲೆ ನೋಡಿದ್ರು. ಒಂದೊಂದು ಗೂಡಿಗೂ ಲೆಕ್ಕ, ಯಾವ ಗಂಡು ಯಾವಾಗ ಶುರು ಮಾಡ್ತು, ಯಾವ ಹೆಣ್ಣು ಯಾವಾಗ ಬಂತು ಅಂತ.

ಕಂಡಿದ್ದೇನು ಗೊತ್ತಾ? ನಾವೆಲ್ಲ ಗೀಜಗ ಗಂಡ ಹೆಂಡ್ತಿ ಸೇರಿ ಗೂಡು ಕಟ್ಟಿ ಸಂಸಾರ ಮಾಡುತ್ತೆ ಅನ್ಕೊಂಡಿದ್ವಿ. ಹಂಗಲ್ಲ. ಗಂಡು ಒಬ್ಬನೇ ಹುಲ್ಲು ಸೀಳ್ಕೊಂಡು ಬಂದು ಹೆಣೀತಾನೆ, ಅರ್ಧಕ್ಕೆ ಬಂದಾಗ, ಅಂದ್ರೆ ಹೆಲ್ಮೆಟ್ ಬೋರಲು ಹಾಕಿ ಅಡ್ಡಕ್ಕೆ ಒಂದು ಪಟ್ಟಿ ಕಟ್ಟಿದ ಹಂಗೆ ಕಾಣೋವಾಗ ನಿಲ್ಲಿಸ್ತಾನೆ. ಆವಾಗ ಹೆಣ್ಣುಗಳ ತಂಡ ಬರುತ್ತೆ, ಮನೆ ಬಾಡಿಗೆಗೆ ನೋಡೋಕೆ ಬಂದವರ ಥರ ಒಳಗೆ ನುಗ್ಗಿ ಹುಲ್ಲು ಎಳೆದು ನೋಡಿ ಗಟ್ಟಿ ಇದೆಯಾ ಅಂತ ಪರೀಕ್ಷೆ. ಅಷ್ಟೊತ್ತೂ ಗಂಡು ಗೂಡಿಗೆ ತಲೆಕೆಳಗಾಗಿ ಜೋತುಬಿದ್ದು ರೆಕ್ಕೆ ಬಡೀತಾ ಕಿಚಿಪಿಚಿ. ಒಬ್ಬಳು ಒಪ್ಪಿದ್ರೆ ಮಾತ್ರ ಮೊಟ್ಟೆ ಕೋಣೆ ಮುಗಿಸಿ ಕೆಳಕ್ಕೆ ಉದ್ದ ಕೊಳವೆ ಇಳಿಸ್ತಾನೆ. ಅವಳು ಒಳಗೆ ಕಾವಿಗೆ ಕೂತ್ಲೋ ಇಲ್ವೋ, ಈ ಮಹಾಶಯ ಪಕ್ಕದಲ್ಲೇ ಇನ್ನೊಂದು ಗೂಡು ಶುರು, ಇನ್ನೊಬ್ಬಳಿಗೆ! ಯಾರೂ ಒಪ್ಪದಿದ್ರೆ ಗೂಡು ಅರ್ಧಕ್ಕೇ ನಿಲ್ಲುತ್ತೆ. ನಮ್ಮ ಬಾವಿ ಮೇಲಿನ ಈಚಲು ಗರಿಗೆ ಜೋತಾಡೋ ಅರ್ಧಂಬರ್ಧ ಗೂಡುಗಳನ್ನ ಗಾಳಿ ಹರಿದಾಕಿರಬೇಕು ಅಂತ ಬಿಡ್ತಿದ್ವಲ್ಲ, ಸುಮಾರಷ್ಟು ಹಿಂಗೆ ತಿರಸ್ಕಾರ ಆದ ಗೂಡುಗಳು.

ಇದನ್ನ ಬರೆದು ಪ್ರಕಟಿಸಿದ ಮೇಲೇ ಇವರ ಹೆಸರು ಹೊರಗೆ ಗೊತ್ತಾಗಿದ್ದು. ಇದ್ರಲ್ಲಿ ಗನ್ನಿನ ಕೆಲಸ ಎಲ್ಲಿ ಬಂತು? ಕೂತಿದ್ದು, ನೋಡಿದ್ದು, ಬರೆದಿದ್ದು. ನನ್ ಪ್ರಕಾರ ಮ್ಯೂಸಿಯಮ್ಮಿನ ಕೆಲಸ ಹೋಗಿದ್ದೇ ಒಳ್ಳೇದಾಯ್ತು.

ಎರಡನೇ ಬೆಂಚು:
ಅರ್ಧ ಗೂಡಿನ ವಿಷಯ ಗೊತ್ತಿರ್ಲಿಲ್ಲ, ಚೆನ್ನಾಗಿದೆ. ಆದ್ರೆ ನನ್ ಪ್ರಶ್ನೆ ಹಂಗೇ ಇದೆ. ಕಿಹಿಮ್ ಆದ್ಮೇಲೂ ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಭೋಪಾಲ್ ಅಂತ ಸಂಸ್ಥಾನ ಸಂಸ್ಥಾನ ಸುತ್ತಿ ಹೊಡೆದ್ರಲ್ಲ. ಅಷ್ಟು ಗೊತ್ತಾದ್ಮೇಲೂ ಯಾಕೆ?

ಗೀಜಗನ ಗೂಡು:
ಸಂಬಳ ಇಲ್ವಲ್ಲ ಮಾರಾಯ್ರೆ, ನಂಗೆ ಸಂಬಳ ಬೇಡ, ಓಡಾಟದ ಖರ್ಚು ಕೊಡಿ ನಿಮ್ಮ ಸಂಸ್ಥಾನದ ಹಕ್ಕಿಗಳ ಪಟ್ಟಿ ಮಾಡಿಕೊಡ್ತೀನಿ ಅಂತ ಹೊರಟಿದ್ದು. ಸ್ಪೆಸಿಮನ್, ಅಂದ್ರೆ ಹೊಡೆದು ಸುಲಿದಿಟ್ಟ ಹಕ್ಕಿಯ ಮಾದರಿ, ಇಲ್ಲದ ಸರ್ವೆಗೆ ಆಗ ಬೆಲೆನೇ ಇರ್ಲಿಲ್ಲ.

ದುರ್ಬೀನು:
ಸ್ಪೆಸಿಮನ್ ಬಗ್ಗೆ ಎರಡು ಮಾತು. ಈಗ ನಮ್ಮ ಕೈಲಿ ಝೂಮ್ ಲೆನ್ಸ್ ಇದೆ, ಮೊಬೈಲಲ್ಲಿ ಕೂಗು ರೆಕಾರ್ಡ್ ಮಾಡ್ತೀವಿ, ಸಂಶಯ ಬಂದ್ರೆ ಗ್ರೂಪಿಗೆ ಹಾಕ್ತೀವಿ. 1930ರಲ್ಲಿ ಈ ಉಲಿಯಕ್ಕಿ ಆ ಉಲಿಯಕ್ಕಿಗಿಂತ ಬೇರೆ ಅಂತ ತೋರಿಸೋಕೆ ಚರ್ಮ, ಅದರ ಕಾಲಿಗೆ ಕಟ್ಟಿದ ಲೇಬಲ್, ಲೇಬಲ್ ಮೇಲೆ ಜಾಗ ಮತ್ತು ತಾರೀಖು, ಇಷ್ಟೇ ಸಾಕ್ಷಿ. ಅದೂ ಒಂದೇ ಒಂದು ಸಾಕಾಗಲ್ಲ, ಒಂದೇ ಜಾತಿಯವು ಹತ್ತಾರು ಬೇಕು, ಯಾಕಂದ್ರೆ ಗಂಡು ಹೆಣ್ಣು ಮರಿ ಋತು ಎಲ್ಲದಕ್ಕೂ ಬಣ್ಣ ಬದಲಾಗುತ್ತೆ.

ತಮಾಷೆ ಏನಪ್ಪಾ ಅಂದ್ರೆ ಸಲೀಂ ಅಲಿ ಮೇಲೆ ಆ ಕಾಲದ ವಿಜ್ಞಾನಿಗಳ ದೂರು ಉಲ್ಟಾ ಇತ್ತು. ಅರ್ನ್ಸ್ಟ್ ಮೇಯರ್ ಗೊತ್ತಲ್ಲ, ವಿಕಾಸವಾದದ ದೊಡ್ಡ ಹೆಸರು, ಅವರು ಅಮೆರಿಕದ ಪಕ್ಷಿತಜ್ಞ ಡಿಲ್ಲನ್ ರಿಪ್ಲಿಗೆ ಬರೆದ ಪತ್ರದಲ್ಲಿ ಈ ಅಲಿ ಸಾಕಷ್ಟು ಹಕ್ಕಿ ಸಂಗ್ರಹ ಮಾಡಲ್ಲ, ಸಾಲು ಸಾಲು ಯಾಕೆ ಬೇಕು ಅನ್ನೋದೇ ಅವರಿಗೆ ಅರ್ಥ ಆಗಿಲ್ಲ, ನೀವಾದ್ರೂ ಹೇಳಿ ಅಂತ ಗೊಣಗಿದ್ದಾರೆ! ನೀವು ಜಾಸ್ತಿ ಹೊಡೆದ್ರು ಅಂತೀರಿ, ಅವರು ಕಮ್ಮಿ ಹೊಡೆದ್ರು ಅಂತಿದ್ರು. ಹೆಸರು ಒಡೆದು ಒಡೆದು ಉಪಜಾತಿ ಮಾಡೋ ಜಗಳ ಕಂಡ್ರೆ ಅಲಿಗೆ ಮೈ ಉರೀತಿತ್ತು, ಹಕ್ಕಿ ತನ್ನ ಜಾಗದಲ್ಲಿ ಹೆಂಗೆ ಬದುಕುತ್ತೆ ಅನ್ನೋದೇ ಬೇಕಿತ್ತು.

ಲೇಬಲ್ ಅಂದ್ನಲ್ಲ, ಅದಕ್ಕೊಂದು ಕಥೆ. 1937ರಲ್ಲಿ ಇವರು ಅಫ್ಘಾನಿಸ್ತಾನಕ್ಕೆ ಹೋಗಿದ್ದು ಕರ್ನಲ್ ಮೈನರ್ಟ್ಸ್‌ಹಾಗನ್ ಜೊತೆ. ಆತ ಆಗ ದೊಡ್ಡ ಪಕ್ಷಿತಜ್ಞ. ಅವನ ಡೈರೀಲಿ ಸಲೀಂ ಬಗ್ಗೆ, ಸಂಗ್ರಹ ಒಂದು ಬಿಟ್ರೆ ಯಾತಕ್ಕೂ ಬಾರದವನು, ಅಡುಗೆ ಬರಲ್ಲ, ಸೌದೆ ಒಡೆಯೋಕೆ ಬರಲ್ಲ, ಸದಾ ಏನೋ ನೋಟ್ಸ್ ಗೀಚ್ತಿರ್ತಾನೆ, ನನ್ನ ಬಗ್ಗೆನೇ ಇರಬೇಕು ಅಂತ ಬರ್ಕೊಂಡಿದ್ದಾನೆ. ಇಬ್ರೂ ಸತ್ತ ಮೇಲೆ ಆ ಕರ್ನಲ್ ಬಂಡವಾಳ ಬಯಲಾಯ್ತು. ಬ್ರಿಟಿಷ್ ಮ್ಯೂಸಿಯಮ್ಮಿಂದ ಬೇರೆಯವರು ಹಿಡಿದ ಹಕ್ಕಿ ಕದ್ದು ತನ್ನ ಲೇಬಲ್ ಅಂಟಿಸಿದ್ದಾನೆ. ಫಾರೆಸ್ಟ್ ಔಲೆಟ್ ಅನ್ನೋ ಪುಟ್ಟ ಗೂಬೆನ 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಅಂತ ಬರೆದಿದ್ದು ಶುದ್ಧ ಸುಳ್ಳು, ಅದು 1880ರ ದಶಕದಲ್ಲಿ ಡೇವಿಡ್ಸನ್ ಹಿಡಿದದ್ದು. ಅಲಿ, ರಿಪ್ಲಿ ಅಂಥವರು ಹುಡುಕಿದ್ರೂ ಆ ಗೂಬೆ ಸಿಗ್ಲಿಲ್ಲ. ಪಮೇಲಾ ರಾಸ್ಮುಸೆನ್ ಆ ಸುಳ್ಳು ಲೇಬಲ್ ಪಕ್ಕಕ್ಕಿಟ್ಟು ಹಳೇ ನಿಜವಾದ ಜಾಗಗಳಲ್ಲಿ ಹುಡುಕಿ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ರ ಕಂಡುಹಿಡಿದ್ರು. ನೋಟ್ಸ್ ಗೀಚ್ತಾನೆ ಅಂತ ಆಡ್ಕೊಂಡವನ ಲೇಬಲ್ಲೇ ಸುಳ್ಳು, ಗೀಚಿದವರ ನೋಟ್ಸ್ ಇನ್ನೂ ಬಳಕೇಲಿದೆ.

ಸೊರಬದ ಮಳೆ:
ನಮ್ಮ ಕಡೆಯದ್ದೊಂದು ಸಂಬಂಧ ಇದೆ, ಯಾರೂ ಹೇಳಲ್ಲ ಮಾರಾಯ್ರೆ ಅದಕ್ಕೇ ಬರೀತಿದೀನಿ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗ ಸಾಯೋಕೆ ಶುರುವಾಗಿ ಜನಕ್ಕೂ ಜ್ವರ ಬಂತಲ್ಲ, ಮಂಗನ ಕಾಯಿಲೆ. ಪೂನಾದ ವೈರಸ್ ಸೆಂಟರ್‌ನವರು ಬಂದು ನೋಡಿದ್ರೆ ಆ ವೈರಸ್ಸು ರಷ್ಯಾದ ಕಡೆ ಉಣುಗಿನಿಂದ ಬರೋ ಮಿದುಳು ಜ್ವರದ ವೈರಸ್ಸಿನ ದಾಯಾದಿ. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಮಧ್ಯೆ ಓಡಾಡೋರು ಯಾರು ಅಂದ್ರೆ ಚಳಿಗಾಲದ ವಲಸೆ ಹಕ್ಕಿಗಳು. ಅವೇ ಉಣುಗು ಹೊತ್ಕೊಂಡು ತಂದಿರಬೇಕು ಅನ್ನೋ ಗುಮಾನಿ. ಹಕ್ಕಿ ಕಾಲಿಗೆ ಉಂಗುರ ತೊಡಿಸಿ ಎಲ್ಲಿಂದ ಎಲ್ಲಿಗೆ ಹೋಗ್ತಾವೆ ನೋಡಬೇಕು ಅಂತ ಸಲೀಂ ಅಲಿ ವರ್ಷಗಟ್ಟಲೆ ಹೇಳ್ತಿದ್ರು, ದುಡ್ಡು ಕೊಡೋರು ಇರ್ಲಿಲ್ಲ. ಮಂಗನ ಕಾಯಿಲೆ ಬಂದಿದ್ದೇ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಡ್ತು, 1959ರಿಂದ ಭರತಪುರ, ಆಮೇಲೆ ಬೇರೆ ಬೇರೆ ಕಡೆ ಬಲೆ ಹಾಕಿ ಹಿಡಿದು, ಮೈಮೇಲಿನ ಉಣುಗು ಹೆಕ್ಕಿ, ಉಂಗುರ ಹಾಕಿ ಬಿಡೋ ಕೆಲಸ.

ಕೊನೆಗೆ ಹಕ್ಕಿಗಳದ್ದು ತಪ್ಪಿಲ್ಲ ಅಂತಾಯ್ತು, ವೈರಸ್ಸು ನಮ್ಮ ಕಾಡಿನದ್ದೇ, ನಮ್ಮ ಉಣುಗಿನದ್ದೇ. ಆದ್ರೆ ಭಾರತಕ್ಕೆ ಬರೋ ಹಕ್ಕಿ ಎಲ್ಲಿಯದ್ದು ಅನ್ನೋ ಲೆಕ್ಕ ಸರಿಯಾಗಿ ಶುರುವಾಗಿದ್ದು ಹಿಂಗೆ. ಮುಂದೆ ಅದೇ ವಲಸೆ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ದುಡ್ಡೂ ಬಂತು ಅಂತ ಪೇಪರಲ್ಲೆಲ್ಲ ಗಲಾಟೆ ಆಗಿ ಅವರಿಗೆ ಸಾಕುಬೇಕಾಯ್ತು. ಅದೇನೇ ಇರ್ಲಿ, ಬೆಂಚಣ್ಣ, ಇಲ್ಲಿ ಕೈಯಲ್ಲಿದ್ದಿದ್ದು ಬಲೆ, ಗನ್ನಲ್ಲ.

ಕಾವೇರಿ ದಂಡೆ:
ಮಳೆ ಅವರೇ, ಇದು ನಂಗೂ ಗೊತ್ತಿರ್ಲಿಲ್ಲ 🙏 ನಮ್ಮ ಮೈಸೂರು ಕಡೆಯದ್ದು ನಾನು ಹೇಳ್ತೀನಿ. ತೆಹಮೀನಾ ಅವರು ಪ್ರತಿ ಸರ್ವೆಗೂ ಜೊತೆಗೆ ಹೋಗೋರು, ಎತ್ತಿನ ಗಾಡಿ, ಟೆಂಟು, ಯಾವುದಕ್ಕೂ ಬೇಡ ಅಂದವರಲ್ಲ. 1939ರಲ್ಲಿ ಒಂದು ಸಣ್ಣ ಆಪರೇಶನ್ ಆಗಿ ತೀರ್ಕೊಂಡ್ರು. ಇವರು ಮತ್ತೆ ಮದುವೆ ಆಗ್ಲಿಲ್ಲ, ತಂಗಿ ಅಂತಾರೋ ಅಕ್ಕ ಅಂತಾರೋ, ಒಡಹುಟ್ಟಿದ ಕಮೂ ಅವರ ಮನೇಲೇ ಉಳಿದ್ರು. ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಹಕ್ಕಿ ಸರ್ವೆ. ಆಗಲೇ ಶ್ರೀರಂಗಪಟ್ಟಣದ ಹತ್ರ ಕಾವೇರಿ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ ಕೊಕ್ಕರೆ ಗೂಡು ಕಟ್ಟೋದನ್ನ ನೋಡಿ ಇದನ್ನ ಕಾಪಾಡಿ ಅಂತ ಅರಮನೆಗೆ ಹೇಳಿದ್ದು, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಆ ನಡುಗಡ್ಡೆಗಳೇ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ಆದವು. ಒಂದು ಚದರ ಕಿಲೋಮೀಟರೂ ಇಲ್ಲ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರ್ತು. ದೋಣೀಲಿ ಹೋದಾಗ ಹಕ್ಕಿ ತೋರಿಸ್ತಾರೆ, ಮೊಸಳೆ ತೋರಿಸ್ತಾರೆ, ಇದು ಹೆಂಗೆ ಉಳೀತು ಅಂತ ಕೇಳಿದವರಿಗಷ್ಟೇ ಹೇಳ್ತಾರೆ.

ಎರೆಮಣ್ಣು:
ಎಲ್ಲಾರೂ ಹೊಗಳಾಕ ಹತ್ತೀರಿ, ನಾ ಸ್ವಲ್ಪ ಬ್ಯಾರೆ ಮಾತಾಡ್ತೀನಿ. ಗನ್ನಿನ ಪ್ರಶ್ನೆ ನನಗ ದೊಡ್ಡದಲ್ಲ. ದೊಡ್ಡದು ಭರತಪುರದ ಎಮ್ಮಿ ಪ್ರಶ್ನೆ. 1982ರಾಗ ಅಲ್ಲಿ ದನ ಮೇಯಿಸೂದು ಬಂದ್ ಮಾಡಿದ್ರು, ಸಲೀಂ ಅಲಿಯವರೂ ಅದರ ಪರ ಇದ್ರು. ಸುತ್ತಲ ಹಳ್ಳಿಯವರು ತಿರುಗಿ ಬಿದ್ರು, ಪೊಲೀಸ್ ಗೋಲಿಬಾರ್ ಆಗಿ ಜನ ಸತ್ರು. ಆಮ್ಯಾಲ ಅವರದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ ನೋಡಿದ್ರ, ಎಮ್ಮಿ ಮೇಯೂದು ನಿಂತ ಮ್ಯಾಲ ನೀರಾಗಿನ ಹುಲ್ಲು ಕಿಕ್ಕಿರದು ಬೆಳದು ಕೆರಿ ಮುಚ್ಚಾಕ ಹತ್ತಿ, ಹಕ್ಕಿಗೆ ತೆರೆದ ನೀರ ಇಲ್ದಂಗಾತು ಅಂತ ಕಂಡು ಬಂತು. ಹಳ್ಳಿ ಮಂದಿಗೆ ಗೊತ್ತಿದ್ದದ್ದು ಅಷ್ಟು ದೊಡ್ಡ ಪಂಡಿತರಿಗೆ ಗೊತ್ತಿರಲಿಲ್ಲ. ಗುಬ್ಬಿ ಹೊಡದ ಹುಡುಗನ್ನ ನಾ ಮಾಫ್ ಮಾಡ್ತೀನ್ರಿ, ಇದನ್ನ ಅಷ್ಟು ಸಲೀಸಾಗಿ ಮಾಡಾಕ ಆಗೂದಿಲ್ಲ.

ಹಂಗಂತ ಅವರ ಮಾತು ಎಲ್ಲಾ ಸುಳ್ಳಾತು ಅನ್ನೂದಿಲ್ಲ. ರಾಷ್ಟ್ರಪಕ್ಷಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಆಗಲಿ, ಅದಕ್ಕ ಕಾವಲು ಬೇಕಾಗೇತಿ ಅಂದ್ರು. ನವಿಲು ಆತು. ನಮ್ಮ ಕಡೆ ಎರೆ ಹೊಲದಾಗ ಎರೆಭೂತ ಈಗ ಹುಡುಕಿದ್ರೂ ಸಿಗೂದು ಕಷ್ಟ.

ಗೀಜಗನ ಗೂಡು:
ಎಮ್ಮೆ ವಿಷಯ ಒಪ್ತೀನಿ ಎರೆಮಣ್ಣು ಅವರೇ, ಅದನ್ನ ಮುಚ್ಚಿಡಬಾರ್ದು. ಒಂದೇ ಒಂದು ಸೇರಿಸ್ತೀನಿ, ಆ ಅಧ್ಯಯನ ನಡೆಸಿ, ನಿಷೇಧ ತಪ್ಪಾಯ್ತು ಅನ್ನೋ ಅರ್ಥ ಬರೋ ಫಲಿತಾಂಶನ ಅವರ ಸಂಸ್ಥೆಯೇ ಹೊರಗೆ ಹಾಕ್ತಲ್ಲ. ತಪ್ಪು ಒಪ್ಕೊಳ್ಳೋದು ಅಂದಾಗ ಇನ್ನೊಂದು ನೆನಪಾಗುತ್ತೆ, ಭೀಮರಾಜ ಅನ್ನೋ ಹಕ್ಕಿಯ ಬಾಲದ ಗರಿ ವಿಷಯದಲ್ಲಿ ವಿಸ್ಲರ್ ಅನ್ನೋ ದೊಡ್ಡ ಹೆಸರಿನ ಇಂಗ್ಲಿಷಿನವನ ತಪ್ಪನ್ನ ಇವರು ಚಿಕ್ಕವರಿದ್ದಾಗ ಎತ್ತಿ ತೋರಿಸಿದ್ರು, ಆತ ಮೊದಲು ಸಿಟ್ಟಾಗಿ, ಆಮೇಲೆ ಮತ್ತೆ ಗರಿ ನೋಡಿ, ಹೌದು ಅಂತ ಒಪ್ಕೊಂಡು ಗೆಳೆಯನೇ ಆದ. ಎಮ್ಮೆ ವಿಷಯದಲ್ಲಿ ಗೋಲಿಬಾರ್ ಆದ್ಮೇಲೆ ಗೊತ್ತಾಯ್ತು ಅನ್ನೋದು ಮಾತ್ರ ಸಂಕಟ.

ದುರ್ಬೀನು:
ಸ್ವಲ್ಪ ಹಗುರ ಮಾಡೋಣ. ಇವರಿಗೆ ಬೈಕ್ ಹುಚ್ಚಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿತಜ್ಞರ ಸಮ್ಮೇಳನ, ಇವರು ತಮ್ಮ ಸನ್‌ಬೀಮ್ ಬೈಕನ್ನ ಹಡಗಲ್ಲಿ ಹಾಕ್ಕೊಂಡು ಹೋಗಿ ಯೂರೋಪಲ್ಲಿ ಓಡಿಸ್ಕೊಂಡು ಸಮ್ಮೇಳನಕ್ಕೆ ಇಳಿದ್ರು. ವಯಸ್ಸು 53. ದಾರೀಲಿ ಬಿದ್ದು ಪೆಟ್ಟೂ ಮಾಡ್ಕೊಂಡ್ರು. ರಿಪ್ಲಿ ಜೊತೆ ಬರೆದ, ಭಾರತ ಪಾಕಿಸ್ತಾನದ ಹಕ್ಕಿಗಳ ಹತ್ತು ಸಂಪುಟದ ಹ್ಯಾಂಡ್‌ಬುಕ್ ಬರಲು ಶುರುವಾಗಿದ್ದು 1968ರಲ್ಲಿ, ಮುಗಿದಿದ್ದು 1974ರಲ್ಲಿ, ಅಂದ್ರೆ 78ನೇ ವಯಸ್ಸಿಗೆ. ನಾನು 40ಕ್ಕೇ ಸೊಂಟ ನೋವು ಅಂತ ಕೂತಿದೀನಿ.

ಸೊರಬದ ಮಳೆ:
😂 ಆ ಬೈಕ್ ಫೋಟೊ ಯಾರ ಹತ್ರಾದ್ರೂ ಇದ್ರೆ ಹಾಕಿ

ಎರಡನೇ ಬೆಂಚು:
ಎಲ್ಲರ ಬರಹಾನೂ ಓದಿದೆ. ಪುಸ್ತಕ ಮತ್ತೆ ಕೈಗೆತ್ಕೊಂಡಿದೀನಿ, ಪ್ರೇಮಿ ಅನ್ನೋ ಪದ ಮಾತ್ರ ನಂಗೆ ಈಗಲೂ ಒಗ್ಗಲ್ಲ, ಅವರಿಗೂ ಒಗ್ತಿತ್ತೋ ಇಲ್ವೋ.

ಇವತ್ತು ಬೆಳಿಗ್ಗೆ ನಮ್ಮೂರ ಹಳೇ ಬಾವಿ ಹತ್ರ ಹೋಗಿದ್ದೆ, ಗೀಜಗನ ಕಾಲೋನಿ ಇದೆ ಅಲ್ಲಿ, ಇಷ್ಟು ವರ್ಷ ಪಕ್ಕದಲ್ಲೇ ಗಾಡಿ ಓಡಿಸ್ಕೊಂಡು ಹೋಗಿದೀನಿ ಒಂದ್ಸಲಾನೂ ನಿಂತು ನೋಡಿರ್ಲಿಲ್ಲ. ಕೊಳವೆ ಇಳಿದಿರೋ ಗೂಡು ಒಂಬತ್ತು, ಹೆಲ್ಮೆಟ್ ಗೂಡು ಐದು. ಅದ್ರಲ್ಲಿ ಒಂದು ಒಣಗಿ ಕಂದು ಬಣ್ಣಕ್ಕೆ ತಿರುಗಿದೆ, ಬಾಕಿ ನಾಲ್ಕು ಇನ್ನೂ ಹಸಿರು. ಒಂದು ಹಸಿರು ಗೂಡಿಗೆ ಹೆಣ್ಣು ಬಂತು, ಒಳಗೆ ಹೋಯ್ತು, ಗಂಡು ಕೆಳಗೆ ಜೋತುಬಿದ್ದು ರೆಕ್ಕೆ ಬಡಿದಿದ್ದೇ ಬಡಿದಿದ್ದು. ಒಂದು ಹುಲ್ಲೆಳೆ ಕೊಕ್ಕಲ್ಲಿ ಕಚ್ಚಿ ಎಳೀತು, ಬಿಡ್ತು, ಪಕ್ಕದವನ ಗೂಡಿಗೆ ಹೋಯ್ತು. ಗೂಡೊಳಗೆ ಹಸಿಮಣ್ಣು ಮೆತ್ತಿರುತ್ತೆ, ಅದಕ್ಕೆ ಮಿಣುಕುಹುಳ ಅಂಟಿಸಿ ದೀಪ ಮಾಡ್ಕೊಳ್ಳುತ್ತೆ ಅಂತ ನಮ್ಮಜ್ಜಿ ಹೇಳೋರು, ಅದು ನಿಜವಾ?

ಗೀಜಗನ ಗೂಡು:
ಮಣ್ಣು ನಿಜ, ಮೆತ್ತೋದು ಗಂಡೇ. ಮಿಣುಕುಹುಳದ ದೀಪ ಅಜ್ಜಿ ಕಥೆ. ಗಾಳಿಗೆ ಗೂಡು ಹೊಯ್ದಾಡದ ಹಂಗೆ ತೂಕಕ್ಕೆ ಇರಬೇಕು ಅಂತ ಕೆಲವರ ಊಹೆ. ಆ ಒಣಗಿದ ಗೂಡಿನ ಗಂಡು ಪಕ್ಕದಲ್ಲೇ ಹೊಸದು ಶುರು ಮಾಡಿದ್ಯಾ ನೋಡಿ, ಸಾಧ್ಯ ಆದ್ರೆ ದಿನಾ ಅದೇ ಹೊತ್ತಿಗೆ ಹೋಗಿ, ತಾರೀಖು ಹಾಕಿ ಬರೆದಿಡಿ.